ಷೇರುಪೇಟೆಯ ಒಳಹರಿವು, ಹೊರಹರಿವು: ಹೂಡಿಕೆದಾರರ ಸಾಲದ ಅಂಕಿ ಓದುವುದು ಹೇಗೆ?

ಮಳೆಗಾಲ ಶುರುವಾದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಯವರ ಕಣ್ಣು ಪತ್ರಿಕೆಯ ಒಂದು ಸಣ್ಣ ಚೌಕದ ಮೇಲಿರುತ್ತದೆ. ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಜಲಾಶಯ ತುಂಬಿದೆ ಎಂದ ಮಾತ್ರಕ್ಕೆ ನದಿ ದಂಡೆಯ ರೈತ ಗಾಬರಿಯಾಗುವುದಿಲ್ಲ. ತುಂಬಿದ ಜಲಾಶಯಕ್ಕೆ ಮೇಲಿನಿಂದ ನೀರು ನುಗ್ಗಿ ಬರುತ್ತಿದೆ, ಗೇಟು ತೆರೆಯುತ್ತಾರೆ ಎಂದು ಗೊತ್ತಾದಾಗ ಪಂಪ್‌ಸೆಟ್ ಬಿಚ್ಚಿ ಎತ್ತರಕ್ಕೆ ಸಾಗಿಸುತ್ತಾನೆ. ಅವನು ಮಟ್ಟವನ್ನೂ ಹರಿವನ್ನೂ ಜೋಡಿಸಿ ಓದುತ್ತಾನೆ.

ಷೇರುಪೇಟೆಯಲ್ಲೂ ಇಂತಹದೇ ಒಂದು ಚೌಕವಿದೆ. ಹೂಡಿಕೆದಾರರು ಸಾಲ ಮಾಡಿ ಕೊಂಡ ಷೇರುಗಳ ಲೆಕ್ಕ ಅದು. ದಿನವೂ ಪ್ರಕಟವಾಗುತ್ತದೆ, ಬಿಡಿಗಾಸು ಖರ್ಚಿಲ್ಲದೆ ಸಿಗುತ್ತದೆ, ಆದರೂ ನೋಡುವವರು ಕಡಿಮೆ. ನೋಡಿದವರೂ ಬಹುಪಾಲು ಮಟ್ಟವನ್ನಷ್ಟೇ ನೋಡಿ "ಸಾಲ ದಾಖಲೆ ಮುಟ್ಟಿತು, ಇನ್ನು ಪೇಟೆ ಬೀಳುತ್ತದೆ" ಎಂದು ತೀರ್ಮಾನಿಸುತ್ತಾರೆ. ಅದು ತಪ್ಪು ಓದು. ಪೇಟೆ ಯಾವ ದಿನ ತಿರುಗುತ್ತದೆ ಎಂಬುದನ್ನು ಸಾಲದ ಅಂಕಿ ಬಹಳ ಅಪರೂಪಕ್ಕೆ ಹೇಳುತ್ತದೆ. ತಿರುಗಿದರೆ ಎಷ್ಟು ಜೋರಾಗಿ ಬೀಳಬಹುದು, ಯಾವ ಷೇರು ಮೊದಲು ಪೆಟ್ಟು ತಿನ್ನುತ್ತದೆ, ಬೀಳುವುದು ಮುಗಿಯುತ್ತ ಬಂತೇ ಎಂಬುದನ್ನು ಮಾತ್ರ ಚೆನ್ನಾಗಿ ಹೇಳುತ್ತದೆ.

ನಾನು ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುವವನು. ಈ ಅಭ್ಯಾಸ ನನಗೆ ಹತ್ತಿದ್ದು 2025ರ ಫೆಬ್ರುವರಿಯಲ್ಲಿ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು, ನಮ್ಮ ಮನೆಯವರೆಲ್ಲ ಕಾಕಾ ಎನ್ನುವ ಹಿರಿಯರು, ಮೊಬೈಲ್ ಹಿಡಿದುಕೊಂಡು ಬಂದು ನನ್ನ ಮೇಜಿನ ಎದುರು ಕುಳಿತರು. "ತಮ್ಮಾ, ನಾನು ಷೇರು ಮಾರಿಲ್ಲ. ಆದರೆ ಮಾರಿದೆ ಎಂದು ಸಂದೇಶ ಬಂದಿದೆ. ಇದೇನು ನೋಡು" ಎಂದರು. ಅದಕ್ಕೂ ಮೊದಲು ಬಂದಿದ್ದ ಮೂರು ಸಂದೇಶಗಳನ್ನು ಅವರು ತೆರೆದೇ ಇರಲಿಲ್ಲ. ಮಾರ್ಜಿನ್ (ಸಾಲದ ಷೇರಿನಲ್ಲಿ ಇರಲೇಬೇಕಾದ ಸ್ವಂತ ಪಾಲು) ಕೊರತೆಯಾಗಿದೆ, ಇಂತಿಷ್ಟು ಹಣ ತುಂಬಿ ಎಂದು ದಲ್ಲಾಳಿ ಸಂಸ್ಥೆ ಕಳುಹಿಸಿದ್ದ ಸಂದೇಶಗಳವು.

ಮೊದಲು ಬಲವಂತದ ಮಾರಾಟದ ಲೆಕ್ಕ

ಕಾಕಾ ಅವರಿಗೆ ನಾನು ಹಾಳೆಯ ಮೇಲೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಅಂಕಿಗಳನ್ನು ಸರಳ ಮಾಡಿದ್ದೇನೆ. ಇದು ತಿಳಿಯದೆ ಮುಂದಿನ ಯಾವ ಹಂತವೂ ಅರ್ಥವಾಗುವುದಿಲ್ಲ.

ನಿಮ್ಮ ಕೈಯಲ್ಲಿ 2 ಲಕ್ಷ ರೂಪಾಯಿ ಇದೆ. ದಲ್ಲಾಳಿ ಸಂಸ್ಥೆ 3 ಲಕ್ಷ ಸಾಲ ಕೊಡುತ್ತದೆ. 5 ಲಕ್ಷದ ಷೇರು ಕೊಳ್ಳುತ್ತೀರಿ. ಷೇರುಗಳು ಸಂಸ್ಥೆಯ ಹೆಸರಿಗೆ ಒತ್ತೆ ಬೀಳುತ್ತವೆ. ಷೇರಿನ ಮೌಲ್ಯದಲ್ಲಿ ಶೇ 40ರಷ್ಟು ನಿಮ್ಮ ಪಾಲು ಇರಲೇಬೇಕು ಎಂಬುದು ಷರತ್ತು. ಷೇರು ಶೇ 20 ಇಳಿಯಿತು. ಈಗ ಮೌಲ್ಯ 4 ಲಕ್ಷ, ಸಾಲ ಹಾಗೆಯೇ 3 ಲಕ್ಷ, ನಿಮ್ಮ ಪಾಲು 1 ಲಕ್ಷ. ಪೇಟೆ ಕಳೆದುಕೊಂಡದ್ದು ಶೇ 20, ನೀವು ಕಳೆದುಕೊಂಡದ್ದು ಶೇ 50. ಷರತ್ತಿನ ಪ್ರಕಾರ ಇರಬೇಕಾದ ಪಾಲು 1.6 ಲಕ್ಷ. ಕೊರತೆ 60,000.

ಆ 60,000 ತುಂಬದಿದ್ದರೆ ಸಂಸ್ಥೆ ಎಷ್ಟು ಷೇರು ಮಾರಬೇಕಾಗುತ್ತದೆ? ಕಾಕಾ ತಕ್ಷಣ "ಅರವತ್ತು ಸಾವಿರದ್ದು" ಎಂದರು. ಅಲ್ಲ, 1.5 ಲಕ್ಷದ್ದು. 1.5 ಲಕ್ಷ ಮಾರಿ ಸಾಲಕ್ಕೆ ಜಮೆ ಮಾಡಿದರೆ ಉಳಿಯುವ ಷೇರು 2.5 ಲಕ್ಷ, ಸಾಲ 1.5 ಲಕ್ಷ, ನಿಮ್ಮ ಪಾಲು 1 ಲಕ್ಷ. ಆಗ ಮಾತ್ರ ಶೇ 40 ಸರಿಹೊಂದುತ್ತದೆ. ಕೊರತೆಯ ಒಂದೊಂದು ರೂಪಾಯಿಗೆ ಎರಡೂವರೆ ರೂಪಾಯಿಯ ಷೇರು ಪೇಟೆಗೆ ಬಂದು ಬೀಳುತ್ತದೆ. ಹೀಗೆ ಸಾವಿರಾರು ಖಾತೆಗಳಿಂದ ಒಂದೇ ಬೆಳಿಗ್ಗೆ ಬಂದು ಬಿದ್ದರೆ ಬೆಲೆ ಇನ್ನಷ್ಟು ಇಳಿಯುತ್ತದೆ, ನಿನ್ನೆ ಸುರಕ್ಷಿತವಾಗಿದ್ದ ಖಾತೆಗಳೂ ಇಂದು ಕೊರತೆಗೆ ಬೀಳುತ್ತವೆ. ಅದರ ಜೊತೆಗೆ, ಷೇರಿನ ಏರಿಳಿತ ಹೆಚ್ಚಾದಂತೆ ಕೇಳುವ ಮಾರ್ಜಿನ್ ಪ್ರಮಾಣವೂ ಏರುತ್ತದೆ. ಪಾಲು ಕರಗುವುದು, ಷರತ್ತು ಬಿಗಿಯಾಗುವುದು ಎರಡೂ ಒಟ್ಟಿಗೆ ನಡೆಯುತ್ತವೆ.

ನಮ್ಮ ಭಾಗದವರಿಗೆ ಇದು ಹೊಸತಲ್ಲ. ಒಣದ್ರಾಕ್ಷಿಯನ್ನು ತಾಸಗಾಂವ್, ಸಾಂಗಲಿಯ ಶೀತಲಗೃಹದಲ್ಲಿಟ್ಟು ಅದರ ಮೇಲೆ ಸಾಲ ಎತ್ತಿದವರಿಗೆ ಗೊತ್ತು: ಬೆಲೆ ಚೆನ್ನಾಗಿರುವ ತನಕ ಆ ಪೆಟ್ಟಿಗೆಗಳು ಅಲ್ಲೇ ಇರುತ್ತವೆ. ಸಾಲ ಕೊಟ್ಟವರು ಎಲ್ಲರಿಗೂ ಒಂದೇ ವಾರ ತಗಾದೆ ಹಚ್ಚಿದರೆ ಹರಾಜು ಕಟ್ಟೆಯ ತುಂಬ ಮಾಲು, ಕೊಳ್ಳುವವರು ನಾಲ್ಕೇ ಮಂದಿ.

ಯಾವ ಸಾಲ ಲೆಕ್ಕಕ್ಕೆ ಸಿಗುತ್ತದೆ?

ದಿನನಿತ್ಯ ಅಳೆಯಬಹುದಾದದ್ದು ಮಾರ್ಜಿನ್ ಟ್ರೇಡಿಂಗ್ ಸೌಲಭ್ಯ, ಅಂದರೆ ಎಲ್ಲರೂ ಎಂಟಿಎಫ್ ಎನ್ನುವ ಸಾಲ. ಈಗಿನ ಚೌಕಟ್ಟನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2017ರ ಜೂನ್‌ನಲ್ಲಿ ಕೊಟ್ಟಿತು. ವಹಿವಾಟು ಚೆನ್ನಾಗಿರುವ ಷೇರುಗಳಿಗೆ ಮಾತ್ರ ಈ ಸಾಲ ಸಿಗುತ್ತದೆ. ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಇಂದೇ ಬೆಲೆ ಗೊತ್ತುಪಡಿಸುವ ಒಪ್ಪಂದ) ವಹಿವಾಟು ಇರುವ ಷೇರುಗಳಿಗೆ ಕಡಿಮೆ ಮಾರ್ಜಿನ್, ಇಲ್ಲದವಕ್ಕೆ ಹೆಚ್ಚು. ಸಾಲ ಕೊಡುವ ದಲ್ಲಾಳಿ ಸಂಸ್ಥೆ ಯಾವ ಷೇರಿಗೆ ಎಷ್ಟು ಕೊಟ್ಟಿದ್ದೇನೆ ಎಂದು ವಿನಿಮಯ ಕೇಂದ್ರಕ್ಕೆ ಮರುದಿನ ವರದಿ ಮಾಡಲೇಬೇಕು. ಆ ವರದಿಗಳ ಮೊತ್ತವೇ ನಮ್ಮ ಅಂಕಿ. 2025ರಲ್ಲಿ ಅದು ಮೊದಲ ಬಾರಿಗೆ 1 ಲಕ್ಷ ಕೋಟಿ ರೂಪಾಯಿ ದಾಟಿತು.

ಹಳಬರಿಗೆ ಬದ್ಲಾ, ಅಂದರೆ ಕೊಂಡ ಷೇರಿನ ಹಣ ಕೊಡುವುದನ್ನು ಬಡ್ಡಿ ತೆತ್ತು ಮುಂದಕ್ಕೆ ಹಾಕುವ ಪದ್ಧತಿ, ನೆನಪಿರಬೇಕು. ಮುಂಬೈ ಷೇರು ವಿನಿಮಯ ಕೇಂದ್ರದಲ್ಲಿ ಶನಿವಾರ ನಿಗದಿಯಾಗುತ್ತಿದ್ದ ಬದ್ಲಾ ದರವೇ ಆ ಕಾಲದಲ್ಲಿ ಸಾಲದ ಬಿಸಿ ತಿಳಿಸುವ ಮಾಪಕವಾಗಿತ್ತು. ದರ ಏರಿತೆಂದರೆ ಸಾಲ ಮಾಡಿ ಕೊಳ್ಳುವವರು ಹೆಚ್ಚಾಗಿದ್ದಾರೆ ಎಂದರ್ಥ. 2001ರ ಜುಲೈನಲ್ಲಿ ಬದ್ಲಾ ನಿಂತಿತು.

ಎಂಟಿಎಫ್‌ನ ಆಚೆಗೆ ಫ್ಯೂಚರ್ಸ್, ಆಪ್ಷನ್ಸ್ ಇವೆ. ಸ್ವಲ್ಪ ಹಣಕ್ಕೆ ದೊಡ್ಡ ಮೊತ್ತದ ಷೇರಿನ ಏರಿಳಿತ ಹೊರಿಸುವುದರಿಂದ ಅವು ಸಾಲವಲ್ಲದಿದ್ದರೂ ಸಾಲದಂತೆಯೇ ಕೆಲಸ ಮಾಡುತ್ತವೆ. ಅವುಗಳ ಬಾಕಿ ಒಪ್ಪಂದಗಳ ಲೆಕ್ಕ ಬೇರೆ ಸಿಗುತ್ತದೆ. ಪ್ರವರ್ತಕರು (ಕಂಪನಿ ಕಟ್ಟಿ ನಡೆಸುವವರು) ಒತ್ತೆ ಇಟ್ಟ ಷೇರುಗಳ ವಿವರ ತ್ರೈಮಾಸಿಕ ಷೇರುದಾರಿಕೆ ಪಟ್ಟಿಯಲ್ಲಿರುತ್ತದೆ. ಲೆಕ್ಕಕ್ಕೆ ಸಿಗದ ಸಾಲವೂ ಇದೆ, ಅದೇ ನನ್ನನ್ನು ಹೆಚ್ಚು ಕಾಡುವುದು. ಮನೆಯ ಬಂಗಾರ ಅಡವಿಟ್ಟು, ವೈಯಕ್ತಿಕ ಸಾಲ ತೆಗೆದು, ಸಂಘದಲ್ಲಿ ಎಮ್ಮೆ ಕೊಳ್ಳಲು ಎಂದು ಬರೆಸಿ ಷೇರಿಗೆ ಹಾಕಿದ ಹಣ ಯಾವ ಚೌಕದಲ್ಲೂ ಕಾಣುವುದಿಲ್ಲ. ಆದ್ದರಿಂದ ಎಂಟಿಎಫ್ ಅಂಕಿಯನ್ನು ಪೂರ್ತಿ ಸಾಲವೆಂದು ತಿಳಿಯದೆ, ಸಾಲದ ಹುಮ್ಮಸ್ಸಿನ ಮಾದರಿ ಎಂದು ತಿಳಿಯಿರಿ.

ಕಡತ ತೆಗೆದು ನಾಲ್ಕು ಸಾಲು ಓದಿ

ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಜಾಲತಾಣದ ವರದಿಗಳ ವಿಭಾಗದಲ್ಲಿ ಮಾರ್ಜಿನ್ ಟ್ರೇಡಿಂಗ್ ಎಂಬ ದಿನವಹಿ ಕಡತ ಸಿಗುತ್ತದೆ. ಬಿಎಸ್‌ಇ (ಮುಂಬೈ ಷೇರು ವಿನಿಮಯ ಕೇಂದ್ರ) ಕೂಡ ತನ್ನದನ್ನು ಕೊಡುತ್ತದೆ. ಎರಡನ್ನೂ ಕೂಡಿಸಬೇಕು; ದೊಡ್ಡ ಪಾಲು ಎನ್‌ಎಸ್‌ಇಯದ್ದೇ ಆದ್ದರಿಂದ ಕಲಿಯುವಾಗ ಅದೊಂದೇ ಸಾಕು.

ಕಡತದ ತಲೆಯಲ್ಲಿ ನಾಲ್ಕು ಸಾಲುಗಳಿವೆ. ದಿನದ ಆರಂಭದ ಬಾಕಿ, ದಿನದಲ್ಲಿ ಕೊಟ್ಟ ಹೊಸ ಸಾಲ, ದಿನದಲ್ಲಿ ತೀರಿದ ಸಾಲ, ದಿನದ ಕೊನೆಯ ಬಾಕಿ. ಆಲಮಟ್ಟಿಯ ಚೌಕವನ್ನೇ ಓದಿದಂತೆ: ನಿನ್ನೆಯ ಮಟ್ಟ, ಒಳಹರಿವು, ಹೊರಹರಿವು, ಇಂದಿನ ಮಟ್ಟ. ಕೆಳಗೆ ಒಂದೊಂದು ಷೇರಿನ ಹೆಸರು, ಸಾಲದ ಮೇಲಿರುವ ಷೇರುಗಳ ಸಂಖ್ಯೆ, ಸಾಲದ ಮೊತ್ತ.

ಮೊತ್ತವೆಲ್ಲ ಲಕ್ಷ ರೂಪಾಯಿಗಳಲ್ಲಿರುತ್ತದೆ. ಹೊಸಬರು ಮುಗ್ಗರಿಸುವುದು ಇಲ್ಲಿಯೇ. 95,00,000 ಎಂದು ಕಂಡರೆ ಅದು 95 ಲಕ್ಷ 'ಲಕ್ಷ'ಗಳು. 100ರಿಂದ ಭಾಗಿಸಿದರೆ 95,000 ಕೋಟಿ. ವರದಿ ಮರುದಿನ ಬರುವುದರಿಂದ ಇಂದು ನಿಮ್ಮ ಕೈಗೆ ಸಿಗುವುದು ಹಿಂದಿನ ವಹಿವಾಟು ದಿನದ ಲೆಕ್ಕ ಎಂಬುದೂ ನೆನಪಿರಲಿ.

ದಿನವೂ ಬರೆಯುವ ಅಗತ್ಯವಿಲ್ಲ. ನಾನು ವಾರಕ್ಕೊಮ್ಮೆ, ಶುಕ್ರವಾರದ ವಹಿವಾಟಿನ ಅಂಕಿಯನ್ನು ಎಕ್ಸೆಲ್ ಹಾಳೆಯಲ್ಲಿ ತುಂಬುತ್ತೇನೆ. ದಿನಾಂಕ, ಕೊನೆಯ ಬಾಕಿ, ವಾರದ ಹೊಸ ಸಾಲ, ವಾರದಲ್ಲಿ ತೀರಿದ ಸಾಲ (ಇವೆರಡೂ ವಾರದ ದಿನವಹಿ ಕಡತಗಳ ಮೊತ್ತ), ನಿಫ್ಟಿ ಸೂಚ್ಯಂಕದ (50 ದೊಡ್ಡ ಕಂಪನಿಗಳ ಷೇರು ಬೆಲೆಯ ಅಳತೆ) ಮುಕ್ತಾಯ, ಬಿಎಸ್‌ಇ ಪ್ರಕಟಿಸುವ ಒಟ್ಟು ಮಾರುಕಟ್ಟೆ ಬಂಡವಾಳ ಮೌಲ್ಯ (ಎಲ್ಲ ಕಂಪನಿಗಳ ಷೇರುಗಳ ಒಟ್ಟು ಬೆಲೆ). ಇಷ್ಟೇ ಕಾಲಂ. ಹಿಂದಿನ ಒಂದು ವರ್ಷದ ಅಂಕಿಗಳನ್ನು ಮೊದಲೇ ತುಂಬಿಕೊಳ್ಳಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಒಂದು ಭಾನುವಾರದ ಕೆಲಸ.

ಮೂರು ಲೆಕ್ಕ

ಬಾಕಿಯನ್ನು ಒಟ್ಟು ಮಾರುಕಟ್ಟೆ ಮೌಲ್ಯದಿಂದ ಭಾಗಿಸುವುದು ಒಂದು. ಬಾಕಿ 1 ಲಕ್ಷ ಕೋಟಿ, ಮಾರುಕಟ್ಟೆ ಮೌಲ್ಯ 450 ಲಕ್ಷ ಕೋಟಿ ಎಂದು ಹಿಡಿದರೆ ಅನುಪಾತ ಶೇ 0.22. ಪೇಟೆ ಏರಿದಾಗ ಸಾಲದ ಮೊತ್ತ ಏರುವುದು ಸಹಜ. ಅನುಪಾತವೂ ಏರುತ್ತಿದ್ದರೆ ಮಾತ್ರ ಪೇಟೆಗಿಂತ ಸಾಲ ಮುಂದೆ ಓಡುತ್ತಿದೆ ಎಂದು ತಿಳಿಯುತ್ತದೆ. ಶೇ 0.22 ಎಂಬುದು ಚಿಕ್ಕದಾಗಿ ಕಾಣಬಹುದು. ಆದರೆ ಪ್ರವರ್ತಕರ ಪಾಲು ದಿನವೂ ಮಾರಾಟಕ್ಕೆ ಬರುವುದಿಲ್ಲ, ದೀರ್ಘಾವಧಿಗೆ ಇಟ್ಟುಕೊಂಡವರೂ ಅಲುಗಾಡುವುದಿಲ್ಲ. ಬೆಲೆ ನಿರ್ಧಾರವಾಗುವುದು ಅಂದಂದು ಕೈಬದಲಾಗುವ ಷೇರುಗಳಲ್ಲಿ, ಅಲ್ಲಿ ಸಾಲದ ಷೇರಿನ ತೂಕ ಹೆಚ್ಚು.

ಎರಡನೆಯದು ವೇಗ. ಮೂರು ತಿಂಗಳಲ್ಲಿ ಬಾಕಿ ಶೇಕಡ ಎಷ್ಟು ಬೆಳೆಯಿತು, ನಿಫ್ಟಿ ಶೇಕಡ ಎಷ್ಟು ಬೆಳೆಯಿತು? ಬಾಕಿ ಶೇ 24, ನಿಫ್ಟಿ ಶೇ 6 ಆದರೆ ಅಂತರ 18. ಅಂತರ 15 ದಾಟಿದಾಗ ನಾನು ಹಾಳೆಯಲ್ಲಿ ಕೆಂಪು ಬಣ್ಣ ಹಚ್ಚುತ್ತೇನೆ. 15 ಎಂಬುದು ಶಾಸ್ತ್ರವಲ್ಲ, ನನ್ನ ಅಳತೆಗೋಲು. ನಿಮ್ಮ ಹಾಳೆ ತುಂಬಿದ ಮೇಲೆ ನಿಮ್ಮದನ್ನು ನೀವೇ ಕಂಡುಕೊಳ್ಳಬಹುದು.

ಮೂರನೆಯದು, ವಾರದ ಹೊಸ ಸಾಲವನ್ನು ತೀರಿದ ಸಾಲದಿಂದ ಭಾಗಿಸುವುದು. 1ಕ್ಕಿಂತ ಹೆಚ್ಚಿದ್ದರೆ ಒಳಹರಿವು, ಕಡಿಮೆ ಇದ್ದರೆ ಹೊರಹರಿವು. ತೀರಿದ ಸಾಲದಲ್ಲಿ ಲಾಭ ಮಾಡಿಕೊಂಡು ಖುಷಿಯಿಂದ ಮಾರಿದವರೂ ಇರುತ್ತಾರೆ, ಬಲವಂತಕ್ಕೆ ಮಾರಿದವರೂ ಇರುತ್ತಾರೆ. ಕಡತ ಇಬ್ಬರನ್ನೂ ಬೇರೆ ಮಾಡುವುದಿಲ್ಲ, ಪಕ್ಕದ ನಿಫ್ಟಿ ಕಾಲಂ ಬೇರೆ ಮಾಡುತ್ತದೆ.

ಜೋಡಿಸಿ ಓದುವುದು

ನಿಫ್ಟಿ ಏರುತ್ತಿದೆ, ಸಾಲವೂ ಅದೇ ಹದದಲ್ಲಿ ಏರುತ್ತಿದೆ ಎಂದರೆ ಮಾಡಬೇಕಾದದ್ದೇನೂ ಇಲ್ಲ. ನಿಫ್ಟಿ ಏರುತ್ತಿದ್ದು ಸಾಲ ಇಳಿಯುತ್ತಿದ್ದರೆ ಏರಿಕೆಗೆ ಸ್ವಂತ ಹಣದ ಬಲವಿದೆ ಎಂದು ಒಂದು ಅರ್ಥ. ಸಾಲ ಮಾಡುವ ಚುರುಕಿನ ಜನ ಲಾಭ ಎತ್ತಿ ಹೊರಡುತ್ತಿದ್ದಾರೆ ಎಂದು ಇನ್ನೊಂದು ಅರ್ಥ. ನಾನು ಒಂದೆರಡು ತಿಂಗಳು ಕಾದು ನೋಡುತ್ತೇನೆ.

ನಿಜವಾಗಿ ಎಚ್ಚರವಾಗಬೇಕಾದದ್ದು ನಿಫ್ಟಿ ಇಳಿಯುತ್ತಿದ್ದರೂ ಸಾಲ ಏರುತ್ತಿರುವಾಗ. ಬಿದ್ದ ಬೆಲೆಗೆ ಇನ್ನಷ್ಟು ಕೊಂಡು ಸರಾಸರಿ ತಗ್ಗಿಸುವ ಆಸೆಯಲ್ಲಿ ಜನ ಮತ್ತೆ ಸಾಲಕ್ಕೆ ಕೈ ಚಾಚುತ್ತಿದ್ದಾರೆ ಎಂದರ್ಥ. 2015ರಲ್ಲಿ ಚೀನಾದಲ್ಲಿ ಹೀಗೆಯೇ ಆಯಿತು. ಶಾಂಘೈ ಸೂಚ್ಯಂಕ ಜೂನ್ 12ರಂದು 5,166ರಲ್ಲಿ ತುದಿ ಮುಟ್ಟಿತು. ಸಾಲದ ಬಾಕಿ ಮಾತ್ರ ಮತ್ತೂ ಕೆಲವು ದಿನ ಏರಿ, ಸುಮಾರು 2.27 ಲಕ್ಷ ಕೋಟಿ ಯುವಾನ್ ತಲುಪಿತು. ಬಳಿಕ ಗೇಟು ತೆರೆದಂತಾಯಿತು. ಆಗಸ್ಟ್ ಕೊನೆಯ ವಾರಕ್ಕೆ ಸೂಚ್ಯಂಕ 3,000ಕ್ಕಿಂತ ಕೆಳಗಿತ್ತು. ಅಲ್ಲಿಯೂ ಅಧಿಕೃತ ಲೆಕ್ಕದ ಹೊರಗೆ ಖಾಸಗಿ ಸಾಲದ ದೊಡ್ಡ ರಾಶಿ ಇತ್ತು.

ನಿಫ್ಟಿಯೂ ಇಳಿಯುತ್ತಿದೆ, ಸಾಲವೂ ಇಳಿಯುತ್ತಿದೆ ಎಂಬುದು ನೋವಿನ ಹಂತ, ಆದರೆ ಕೊಳೆ ತೊಳೆದುಹೋಗುವ ಹಂತವೂ ಹೌದು. ಕಾಕಾ ಅವರ ಷೇರು ಮಾರಾಟವಾದದ್ದು ಈ ಹಂತದಲ್ಲಿ. 2024ರ ಸೆಪ್ಟೆಂಬರ್ 27ರಂದು 26,277 ಮುಟ್ಟಿದ್ದ ನಿಫ್ಟಿ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಸತತ ಐದು ತಿಂಗಳು ಇಳಿಯಿತು. ಫೆಬ್ರುವರಿ ಕೊನೆಗೆ 22,124ರಲ್ಲಿತ್ತು. ಏಪ್ರಿಲ್ 7ರಂದು ವಹಿವಾಟಿನ ನಡುವೆ 21,743ಕ್ಕೆ ಜಾರಿ ಅಲ್ಲಿಂದ ಮೇಲೆದ್ದಿತು. ಸಾಲವಿಲ್ಲದೆ ಅದೇ ಷೇರು ಇಟ್ಟುಕೊಂಡಿದ್ದವರು ಕುಳಿತು ಕಾದರು. ಕಾಕಾ ಅವರಿಗೆ ಕಾಯುವ ಅವಕಾಶವೇ ಸಿಗಲಿಲ್ಲ. ಈ ಹಂತ ಮುಗಿಯುತ್ತ ಬಂದಿದೆಯೇ ಎಂದು ತಿಳಿಯಲು ಮೂರನೆಯ ಲೆಕ್ಕ ನೋಡಿ: ಹೊರಹರಿವು ಕೆಲವು ವಾರ ಜೋರಾಗಿದ್ದು, ನಂತರ ನಿಫ್ಟಿ ಇನ್ನೂ ಇಳಿಯುತ್ತಿದ್ದರೂ ತೀರುವ ಸಾಲದ ಮೊತ್ತ ಕುಗ್ಗುತ್ತಿದ್ದರೆ, ಬಲವಂತಕ್ಕೆ ಮಾರಬೇಕಾದವರು ಬಹುಪಾಲು ಮಾರಿ ಮುಗಿಸಿದ್ದಾರೆ.

ದಾಖಲೆ ಎಂಬ ಸುದ್ದಿಯನ್ನು ಏಕೆ ನಂಬಬಾರದು

ಅಮೆರಿಕದಲ್ಲಿ ಫಿನ್ರಾ ಎಂಬ ಸಂಸ್ಥೆ ಇದೇ ಲೆಕ್ಕವನ್ನು ತಿಂಗಳಿಗೊಮ್ಮೆ ಕೊಡುತ್ತದೆ. ಅಲ್ಲಿನ ಇತಿಹಾಸ ಉದ್ದವಾಗಿದೆ, ಆದ್ದರಿಂದ ಪರೀಕ್ಷೆಗೆ ಒಳ್ಳೆಯದು. 2000ದ ಮಾರ್ಚ್‌ನಲ್ಲಿ ಸಾಲ ತುದಿ ಮುಟ್ಟಿತು, ಅದೇ ತಿಂಗಳು ಎಸ್ ಆ್ಯಂಡ್ ಪಿ 500 ಸೂಚ್ಯಂಕವೂ ತುದಿ ಮುಟ್ಟಿತು. 2007ರಲ್ಲಿ ಸಾಲದ ತುದಿ ಜುಲೈ, ಸೂಚ್ಯಂಕದ ತುದಿ ಅಕ್ಟೋಬರ್ 9. 2021ರ ಅಕ್ಟೋಬರ್‌ನಲ್ಲಿ ಸಾಲ 93,500 ಕೋಟಿ ಡಾಲರ್ ದಾಟಿ ಇಳಿಯತೊಡಗಿತು, ಸೂಚ್ಯಂಕ 2022ರ ಜನವರಿ 3ರವರೆಗೆ ಏರಿತು.

ಇದನ್ನು ಓದಿದವರಿಗೆ ಮಂತ್ರದಂಡ ಸಿಕ್ಕಿತು ಎನಿಸುತ್ತದೆ. 2013ನ್ನೂ ನೋಡಿ. ಆ ವರ್ಷ ಅಮೆರಿಕದ ಮಾರ್ಜಿನ್ ಸಾಲ 2007ರ ದಾಖಲೆಯನ್ನು ಮುರಿಯಿತು. ಸೂಚ್ಯಂಕ ಆಗ 1,600ರ ಆಸುಪಾಸಿನಲ್ಲಿತ್ತು. ಹೆದರಿ ಮಾರಿದವರು 2014ರ ಕೊನೆಗೆ ಅದು 2,050 ದಾಟಿದ್ದನ್ನು ಹೊರಗೆ ನಿಂತು ನೋಡಿದರು. ಆರ್ಥಿಕತೆ ಬೆಳೆದಂತೆ, ಪೇಟೆ ಏರಿದಂತೆ ಸಾಲ ಹೊಸ ದಾಖಲೆ ಬರೆಯುತ್ತಲೇ ಇರುತ್ತದೆ. ಅಮೆರಿಕದ ಮೂರೂ ತುದಿಗಳಲ್ಲಿ ನೋಡಬೇಕಾದದ್ದು ದಾಖಲೆಯನ್ನಲ್ಲ. ವೇಗವಾಗಿ ಏರಿದ ಸಾಲ ತಿರುಗಿ ಇಳಿಯತೊಡಗಿದ್ದನ್ನು.

ನಮ್ಮಲ್ಲಿ ದಾರಿ ತಪ್ಪಿಸುವ ಇನ್ನೊಂದು ಸಂಗತಿ ನಿಯಮಗಳ ಬದಲಾವಣೆ. 2020ರ ಡಿಸೆಂಬರ್‌ನಿಂದ 2021ರ ಸೆಪ್ಟೆಂಬರ್‌ವರೆಗೆ ಸೆಬಿ ಹಂತಹಂತವಾಗಿ ಮಾರ್ಜಿನ್ ನಿಯಮ ಬಿಗಿಗೊಳಿಸಿ, ದಿನದೊಳಗಿನ ವಹಿವಾಟಿಗೆ ದಲ್ಲಾಳಿಗಳು ಗ್ರಾಹಕರ ಹಣದ ಮನಸ್ಸಿಗೆ ಬಂದಷ್ಟು ಪಟ್ಟು ಸಾಲ ಕೊಡುವುದನ್ನು ನಿಲ್ಲಿಸಿತು. 2024ರ ನವೆಂಬರ್‌ನಿಂದ ಸೂಚ್ಯಂಕದ ಫ್ಯೂಚರ್ಸ್, ಆಪ್ಷನ್ಸ್ ಒಪ್ಪಂದಗಳ ಕನಿಷ್ಠ ಗಾತ್ರ 15 ಲಕ್ಷ ರೂಪಾಯಿಗೆ ಏರಿತು, ವಾರಕ್ಕೆ ಮುಗಿಯುವ ಒಪ್ಪಂದ ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ್ದು ಎಂದಾಯಿತು. ಒಂದು ಬಾಗಿಲು ಕಿರಿದಾದಾಗ ಕೆಲವರು ಎಂಟಿಎಫ್ ಬಾಗಿಲಿಗೆ ಬರುತ್ತಾರೆ. ಆಗ ಎಂಟಿಎಫ್ ಬಾಕಿ ಹೆಚ್ಚಾದರೆ ಒಟ್ಟು ಸಾಲ ಅಷ್ಟೇ ಹೆಚ್ಚಾಗಿದೆ ಎಂದಲ್ಲ. ಆದ್ದರಿಂದ ಹಾಳೆಯ ಕೊನೆಯಲ್ಲಿ ಷರಾ ಎಂದು ಒಂದು ಕಾಲಂ ಇಟ್ಟು, ನಿಯಮ ಬದಲಾದ ವಾರದಲ್ಲಿ ಅದನ್ನು ಬರೆದಿಡಿ. ವರ್ಷದ ನಂತರ ಹೋಲಿಸುವಾಗ ಅದೇ ಕೈಹಿಡಿಯುತ್ತದೆ.

ನಿಮ್ಮ ಷೇರಿನ ಮೇಲೆ ಎಷ್ಟು ಸಾಲ ಕುಳಿತಿದೆ?

ಇಡೀ ಪೇಟೆಯ ಅಂಕಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕಡತದ ಕೆಳಭಾಗ. ಬೆಳಗಾವಿಯಲ್ಲೇ ನೋಂದಾಯಿತ ಕಚೇರಿ ಇರುವ ಶ್ರೀ ರೇಣುಕಾ ಶುಗರ್ಸ್ ಇರಲಿ, ದೇಶದ ದೊಡ್ಡ ಬ್ಯಾಂಕ್ ಇರಲಿ, ನಿಮ್ಮ ಖಾತೆಯಲ್ಲಿರುವ ಷೇರಿನ ಸಂಕೇತವನ್ನು ಹುಡುಕಿ, ಸಾಲದ ಮೊತ್ತ ಬರೆದುಕೊಳ್ಳಿ. ಅದೇ ಷೇರಿನಲ್ಲಿ ದಿನಕ್ಕೆ ಸರಾಸರಿ ಎಷ್ಟು ಕೋಟಿಯ ವಹಿವಾಟು ನಡೆಯುತ್ತದೆ, ಅದರಲ್ಲಿ ಶೇಕಡ ಎಷ್ಟು ಡೆಲಿವರಿಗೆ ಹೋಗುತ್ತದೆ (ಅದೇ ದಿನ ಮಾರಿಬಿಡದೆ ಕೊಂಡವರ ಖಾತೆಗೆ ಸೇರುತ್ತದೆ) ಎಂಬುದು ವಿನಿಮಯ ಕೇಂದ್ರದ ಜಾಲತಾಣದಲ್ಲೇ ಸಿಗುತ್ತದೆ.

ಒಂದು ಉದಾಹರಣೆ. ಸಾಲದ ಮೊತ್ತ 120 ಕೋಟಿ. ದಿನದ ವಹಿವಾಟು 15 ಕೋಟಿ, ಡೆಲಿವರಿ ಶೇ 40, ಅಂದರೆ ನಿಜವಾಗಿ ಕೈಬದಲಾಗುವುದು 6 ಕೋಟಿ. 120ನ್ನು 6ರಿಂದ ಭಾಗಿಸಿದರೆ 20. ಸಾಲದ ಷೇರುಗಳೆಲ್ಲ ಹೊರಬರಬೇಕಾದರೆ, ಬೇರೆ ಯಾರೂ ಮಾರದಿದ್ದರೂ, 20 ವಹಿವಾಟು ದಿನ ಬೇಕು. ಹತ್ತಿರ ಹತ್ತಿರ ಒಂದು ತಿಂಗಳು. ದೊಡ್ಡ ಕಂಪನಿಗಳಲ್ಲಿ ಸಾಲದ ಮೊತ್ತ ನೂರಾರು ಕೋಟಿ ಇದ್ದರೂ ಈ ದಿನಗಳ ಲೆಕ್ಕ ಒಂದೆರಡರಲ್ಲಿ ಮುಗಿಯಬಹುದು. ಮಧ್ಯಮ, ಸಣ್ಣ ಕಂಪನಿಗಳಲ್ಲಿಯೇ ಇಕ್ಕಟ್ಟು. 10 ದಿನ ದಾಟಿದ ಷೇರನ್ನು ನಾನು ಸಾಲದ ಮೇಲೆ ಕೊಳ್ಳುವುದಿರಲಿ, ಸ್ವಂತ ಹಣದಲ್ಲಿ ಕೊಳ್ಳಲೂ ಎರಡು ಬಾರಿ ಯೋಚಿಸುತ್ತೇನೆ. ಅಂತಹ ಷೇರು ಬೀಳಲು ಕಂಪನಿಯಲ್ಲಿ ಏನೂ ಕೆಡಬೇಕಾಗಿಲ್ಲ, ಅದನ್ನು ಹಿಡಿದವರ ಕೈ ಸೋತರೆ ಸಾಕು.

ಈಗಾಗಲೇ ಎಂಟಿಎಫ್ ತೆಗೆದುಕೊಂಡಿದ್ದರೆ

ಬಡ್ಡಿಯನ್ನು ಪೂರ್ತಿ ಷೇರಿನ ಮೇಲೆ ಹಂಚಿ ನೋಡಿ. 3 ಲಕ್ಷ ಸಾಲಕ್ಕೆ ವರ್ಷಕ್ಕೆ ಶೇ 15 ಬಡ್ಡಿಯಾದರೆ 45,000 ರೂಪಾಯಿ, ದಿನಕ್ಕೆ ಸುಮಾರು 123. ನಿಮ್ಮ 5 ಲಕ್ಷದ ಷೇರು ವರ್ಷಕ್ಕೆ ಶೇ 9 ಏರಿದರೆ ಬಡ್ಡಿಗೆ ಸರಿಹೋಯಿತು, ನಿಮಗೇನೂ ಉಳಿಯಲಿಲ್ಲ. ಶನಿವಾರ, ಭಾನುವಾರ, ಹಬ್ಬದ ರಜೆಗೂ ಬಡ್ಡಿ ಓಡುತ್ತದೆ.

ಬಳಿಕ, ಷೇರು ಎಷ್ಟು ಇಳಿದರೆ ಕೊರತೆ ಬರುತ್ತದೆ ಎಂಬ ಬೆಲೆಯನ್ನು ಇಂದೇ ಕಂಡುಕೊಂಡು ಬರೆದಿಡಿ. ಸೂತ್ರ ಸುಲಭ: ಸಾಲದ ಮೊತ್ತವನ್ನು, 1ರಲ್ಲಿ ಮಾರ್ಜಿನ್ ಪ್ರಮಾಣ ಕಳೆದು ಉಳಿದದ್ದರಿಂದ ಭಾಗಿಸಿ. ಸಾಲ 3 ಲಕ್ಷ, ಮಾರ್ಜಿನ್ ಶೇ 40 ಆದರೆ 3 ಭಾಗಿಸು 0.6, ಅಂದರೆ 5 ಲಕ್ಷ. ಇದರರ್ಥ ಮೊದಲ ಉದಾಹರಣೆಯ ಖಾತೆ ಕೊಂಡ ದಿನವೇ ಅಂಚಿನಲ್ಲಿತ್ತು, ಒಂದು ರೂಪಾಯಿ ಇಳಿದರೂ ಕೊರತೆ. ಅದೇ 5 ಲಕ್ಷದ ಷೇರಿಗೆ 2 ಲಕ್ಷ ಮಾತ್ರ ಸಾಲ ತೆಗೆದಿದ್ದರೆ ಆ ಬೆಲೆ ಸುಮಾರು 3.33 ಲಕ್ಷ, ಮೂರನೇ ಒಂದು ಭಾಗ ಇಳಿಯುವ ತನಕ ಸಂದೇಶ ಬರುವುದಿಲ್ಲ, ಮಾರ್ಜಿನ್ ಪ್ರಮಾಣ ಏರದಿದ್ದರೆ.

ನನ್ನ ಹಾಳೆಯಲ್ಲಿ ಕೆಂಪು ಬಣ್ಣ ಬಂದ ವಾರ ನಾನು ಷೇರು ಮಾರುವುದಿಲ್ಲ, ಪೇಟೆ ಬೀಳುತ್ತದೆ ಎಂದು ಪಂಥವನ್ನೂ ಕಟ್ಟುವುದಿಲ್ಲ. ಹೊಸ ಹಣ ಹಾಕುವುದನ್ನು ನಿಧಾನ ಮಾಡುತ್ತೇನೆ, ದಿನಗಳ ಲೆಕ್ಕ ಉದ್ದವಿರುವ ಷೇರುಗಳನ್ನು ಕಡಿಮೆ ಮಾಡುತ್ತೇನೆ. ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ತನ್ನ ಪಾಡಿಗೆ ನಡೆಯುತ್ತದೆ.

ಕಾಕಾ ಈ ವರ್ಷದ ಒಣದ್ರಾಕ್ಷಿ ಮಾರಿದ ಹಣದಲ್ಲಿ ಉಳಿದ ಸಾಲ ತೀರಿಸಿ, ಒತ್ತೆಯಲ್ಲಿದ್ದ ಷೇರುಗಳನ್ನು ಬಿಡಿಸಿಕೊಂಡರು. ಈಗ ಶನಿವಾರ ಎಪಿಎಂಸಿಗೆ ಬಂದರೆ ನನ್ನ ಮೇಜಿನ ಬಳಿ ಬಂದು ನಿಲ್ಲುತ್ತಾರೆ. "ಒಳಹರಿವು ಎಷ್ಟು, ಹೊರಹರಿವು ಎಷ್ಟು?" ಎಂದು ಕೇಳಿ, ಹೇಳಿದ ಅಂಕಿಯನ್ನು ಕಿಸೆಯ ಡೈರಿಯಲ್ಲಿ ಬರೆದುಕೊಂಡು ಹೋಗುತ್ತಾರೆ.